ಜೂನಿಯಸ್ ಸುಮ್ಮನೆ ನಿಂತದ್ದು

ಜೂನಿಯಸ್ ಬ್ರಾಕೆಟ್ ಬದುಕಿದ್ದಾಗ ಅವನನ್ನು ಬಾಗಿಲಲ್ಲೇ ತಡೆದಿದ್ದ ಫಿಲಡೆಲ್ಫಿಯಾದ ದೊಡ್ಡಮನುಷ್ಯರು, ಅವನು ಸತ್ತು ಐವತ್ತು ವರ್ಷವಾದ ಮೇಲೆ ಒಂದು ರಂಗಮಂದಿರಕ್ಕೆ ಅವನ ಹೆಸರಿಟ್ಟರು. ಸತ್ತವರನ್ನು ಮೆಚ್ಚಿಕೊಳ್ಳುವುದು ಸುಲಭ, ಅವರು ಎದುರುತ್ತರ ಕೊಡುವುದಿಲ್ಲ. ಬದುಕಿದ್ದ ಜೂನಿಯಸ್ ಕೊಡುತ್ತಿದ್ದ. ಕಾಲಲ್ಲಿ ತಗಡು ಬಡಿದ ಬೂಟು, ಬಾಯಲ್ಲಿ ತಾನೇ ಕಟ್ಟಿದ ಪದ್ಯ. ಎರಡೂ ಒಟ್ಟಿಗೆ ಹೊರಟವೆಂದರೆ ನಗಲು ಬಂದು ಕೂತವರು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು.

ಅವನ ಅಡುಗೆಮನೆಯ ಹಲಗೆಯ ನೆಲದ ಮೇಲೆ ಕುಣಿತ ಕಲಿತವಳು ಅರ್ಲೀನ್ ಗ್ಯಾಡ್ಸನ್. ಅವನು ಹೋದಾಗ ಅವಳಿಗಿನ್ನೂ ಹದಿನಾರು. ಉಳಿದದ್ದು ಅವನ ಒಂದೇ ಒಂದು ಕುಣಿತದ ಫಿಲಂ. ಅದನ್ನು ಹಾಕಿ ಹಾಕಿ ನೋಡಿ, ಒಂದೊಂದು ಹೆಜ್ಜೆಯನ್ನೂ ಕಾಲಿಗೆ ಇಳಿಸಿಕೊಂಡಳು. ಪ್ರತಿವರ್ಷ ಅವನು ತೀರಿಕೊಂಡ ದಿನ ಚರ್ಚಿನಲ್ಲಿ ಅದನ್ನೇ ಕುಣಿಯುತ್ತಿದ್ದಳು, ಅದೇ ಹೆಜ್ಜೆ, ಅದೇ ಮಾತು. ಈಗ ಅವಳಿಗೆ ಅರವತ್ತಾರು. ಕೇರಿಯವರು ಅವಳನ್ನು ಜೂನಿಯಸನ ನೆರಳು ಎನ್ನುತ್ತಿದ್ದರು, ಅವಳು ಅದನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು.

ಹೊಸ ರಂಗಮಂದಿರದ ಮಹಡಿಯಲ್ಲಿ ಕುಣಿತದ ಶಾಲೆಗೆಂದು ಒಂದು ಕೋಣೆ ಕಟ್ಟಿಸಿದ್ದರು. ನೆಲಕ್ಕೆಲ್ಲ ಮೇಪಲ್ ಮರದ ಹಲಗೆ. ಕಾಲಿಟ್ಟರೆ ಸ್ವಲ್ಪ ತಗ್ಗಿ ಮೇಲೆತ್ತುವ ನೆಲ. ಅದನ್ನು ಕಂಡ ದಿನದಿಂದ ಅರ್ಲೀನಳ ಜೀವ ಅಲ್ಲೇ ನೆಟ್ಟಿತ್ತು. ಅವಳ ಶಿಷ್ಯರು, ಬಸ್ಸು ಓಡಿಸುವ ರೆನೀಟಾ, ಆಸ್ಪತ್ರೆಯ ನರ್ಸುಗಳು, ಒಂದಿಬ್ಬರು ಅಜ್ಜಿಯರು, ಚರ್ಚಿನ ನೆಲಮಾಳಿಗೆಯ ಸಿಮೆಂಟಿನ ಮೇಲೆ ಕುಣಿಯುತ್ತಿದ್ದರು. ಸಿಮೆಂಟು ಕುಣಿಯುವವರ ಮಂಡಿಯನ್ನು ತಿಂದುಬಿಡುತ್ತದೆ. ಅರ್ಲೀನಳ ಎಡಮಂಡಿಯನ್ನು ಆಗಲೇ ತಿಂದಿತ್ತು.

ರಂಗಮಂದಿರದ ಯಜಮಾನಿಕೆ ಪ್ರೆಸ್ಟನ್ ಹೇಲ್‌ನದು. ಜೂನಿಯಸನ ಮೇಲೆ ದಪ್ಪ ಪುಸ್ತಕ ಬರೆದವನು, ನಯವಾಗಿ ಮಾತಾಡುವವನು.

"ಉದ್ಘಾಟನೆ ದಿನ ಹಿಂದಿನ ಗೋಡೆ ಮೇಲೆ ಫಿಲಂ ಓಡುತ್ತೆ, ಮುಂದೆ ನೀವು ಕುಣೀತೀರ. ಅವನು ಹೇಗೋ ಹಾಗೇ. ಒಂದು ಹೆಜ್ಜೆ ಆಚೀಚೆ ಆಗ್ಬಾರ್ದು, ಒಂದು ಮಾತು ಜಾಸ್ತಿ ಬರ್ಬಾರ್ದು. ಅದಾದ್ರೆ ಮೇಲಿನ ಕೋಣೆ ನಿಮ್ದೇ, ಅರ್ಲೀನ್ ಅವರೇ. ಆಗದಿದ್ರೆ ನ್ಯೂಯಾರ್ಕಿಂದ ಒಬ್ಬ ಹುಡುಗ ಬರೋಕೆ ಕಾಯ್ತಿದಾನೆ."

"ಅದೇನು ದೊಡ್ಡ ವಿಷಯ ಹೇಲ್ ಸಾಹೇಬ್ರೇ! ನಿದ್ದೇಲಿ ಎಬ್ಬಿಸಿದ್ರೂ ಕುಣೀತೀನಿ" ಅಂದಳು ಅರ್ಲೀನ್. ಅದು ನಿಜವೇ ಆಗಿತ್ತು.

ಎರಡನೆಯ ಪದ್ಯ ಮುಗಿದಾಗ ಜೂನಿಯಸ್ ಫಿಲಮ್ಮಿನಲ್ಲಿ ಒಮ್ಮೆ ಸುಮ್ಮನೆ ನಿಂತುಬಿಡುತ್ತಾನೆ. ಎಂಟು ತಾಳದಷ್ಟು ಹೊತ್ತು ಕಾಲು ಆಡುವುದಿಲ್ಲ. ಅದು ಇಡೀ ಕಪ್ಪು ಜನಾಂಗದ ದಣಿವು ಎಂದು ಹೇಲ್ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದ. ಅರ್ಲೀನಳೂ ಹಾಗೇ ನಂಬಿದ್ದಳು. ಅಲ್ಲಿಗೆ ಬಂದಾಗಲೆಲ್ಲ ತಲೆ ತಗ್ಗಿಸಿ ನಿಲ್ಲುವಳು, ಕಣ್ಣು ತುಂಬಿ ಬರುತ್ತಿತ್ತು.

ತಾಲೀಮಿಗೆ ಡ್ರಮ್ ಬಾರಿಸಲು ಬಂದವನು ಥ್ಯಾಡ್ ಲವ್‌ಲೇಸ್, ಎಂಬತ್ತು ದಾಟಿದ ಮುದುಕ. ಬಾರಿಸಿ ಮುಗಿಸಿ ಕೋಲು ಕೆಳಗಿಟ್ಟ.

"ಕಣ್ಣು ಮುಚ್ಚಿಕೊಂಡ್ರೆ ಜೂನಿಯಸ್ಸೇ ಬಂದ ಹಾಗಿತ್ತು ಕಣೇ."

"ಮತ್ತೆ? ಇಷ್ಟು ವರ್ಷ ನಾನೇನು ಕಡ್ಲೆಕಾಯಿ ತಿಂತಿದ್ನಾ?"

"ಅದು ಸರಿ. ಅವನು ಬಂದ, ನೀನೆಲ್ಲಿಗೆ ಹೋದೆ?"

ಅರ್ಲೀನಳಿಗೆ ಮೈಯೆಲ್ಲ ಉರಿಯಿತು. "ನಾನು ಕುಣೀದೆ ಇದ್ದಿದ್ರೆ ಅವನ ಹೆಸರು ಹೇಳೋರೇ ಇರ್ತಿರ್ಲಿಲ್ಲ, ತಿಳ್ಕೋ ಅಣ್ಣ. ಊರೆಲ್ಲ ಮರೆತಾಗ ನಾನೊಬ್ಳೇ ಹಿಡ್ಕೊಂಡಿದ್ದೆ."

"ಹಿಡ್ಕೊಂಡೆ, ಇಲ್ಲ ಅಂದೋರ್ಯಾರು? ಆದ್ರೆ ನಮ್ಮಲ್ಲಿ ಕಂಡೋರ ಹೆಜ್ಜೆ ಹಾಕಿದೋರಿಗೆ ಏನಂತಿದ್ರು, ನೆನಪಿದ್ಯಾ?"

ನೆನಪಿತ್ತು. ಕಳ್ಳ ಎನ್ನುತ್ತಿದ್ದರು. ಒಬ್ಬನ ಹೆಜ್ಜೆಯನ್ನು ಇನ್ನೊಬ್ಬ ಇದ್ದ ಹಾಗೇ ಹಾಕಿದರೆ, ಮುಂದಿನ ಸಾಲಿನಲ್ಲಿ ಕಾವಲು ಕೂತ ಹಳೆಯ ಕುಣಿತಗಾರರು ಎದ್ದು ನಿಂತು ಕೂಗಿ, ಅವನನ್ನು ಕೆಳಗಿಳಿಸುತ್ತಿದ್ದರು. ನೋಡು, ಕಲಿ, ಆಮೇಲೆ ನಿನ್ನದನ್ನು ತಾ, ಎಂಬುದು ಅವರ ಕಟ್ಟಳೆ. ಅದು ಬದುಕಿದ್ದವರ ನಡುವಿನ ಮಾತು, ಸತ್ತವನಿಗೆ ಅನ್ವಯಿಸದು ಎಂದು ಅರ್ಲೀನ್ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಉದ್ಘಾಟನೆಯ ಸಂಜೆ ಮಂದಿರ ತುಂಬಿತ್ತು. ಕಾರು ನಿಲ್ಲಿಸುವ ಜಾಗಕ್ಕೆಂದು ಹಿಂದಿನ ಓಣಿಯ ಇಟ್ಟಿಗೆ ಮನೆಗಳನ್ನು ಕೆಡವಿದ್ದರು, ಅದರಲ್ಲಿ ಅರ್ಲೀನಳ ಅಕ್ಕನ ಮನೆಯೂ ಒಂದು. ಆ ಓಣಿಯವರಿಗೆ ಹಿಂದಿನ ಸಾಲುಗಳಲ್ಲಿ ಪುಕ್ಕಟೆ ಜಾಗ ಕೊಟ್ಟಿದ್ದರು, ದೊಡ್ಡ ಉಪಕಾರ! ಉಳಿದಿದ್ದ ನಾಲ್ಕಾರು ಹಳೆಯ ಕುಣಿತಗಾರರು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಮುಂದಿನ ಸಾಲಿನಲ್ಲಿ ಹೋಗಿ ಕೂತಿದ್ದರು.

ದೀಪ ಆರಿತು. ಗೋಡೆಯ ಮೇಲೆ ಜೂನಿಯಸ್ ಎದ್ದುನಿಂತ, ಎರಡಾಳೆತ್ತರ. ಥ್ಯಾಡ್ ತಾಳ ಹಾಕಿದ. ಅರ್ಲೀನ್ ಹೊರಟಳು. ಗೋಡೆಯ ಕಾಲು, ನೆಲದ ಕಾಲು ಒಂದೇ ಸದ್ದು. ಅವನ ಮಾತು ಅವಳ ಬಾಯಲ್ಲಿ ಬಂತು.

"ನನ್ನ ಬೀದಿಯನ್ನ ನಕ್ಷೆಯಿಂದ ಅಳಿಸಿ ಹಾಕಿದಿರಿ,
ನೆಲ ಇನ್ನೂ ನನ್ನ ಹೆಜ್ಜೆ ಎಣಿಸುತ್ತ ಕೂತಿದೆ."

ಜನ ಚಪ್ಪಾಳೆ ತಟ್ಟಿದರು. ಹೇಲ್ ಕೂಡ ತಟ್ಟಿದ. ನಕ್ಷೆಯಿಂದ ಬೀದಿ ಅಳಿಸಿದವನೇ ಕುಳಿತು ಚಪ್ಪಾಳೆ ತಟ್ಟುತ್ತಿದ್ದಾನಲ್ಲ ಎಂದು ಅರ್ಲೀನಳಿಗೆ ಒಳಗೆ ಎಲ್ಲೋ ಚುರುಕ್ಕೆಂದಿತು. ಆದರೂ ಕಾಲು ತಪ್ಪಲಿಲ್ಲ. ಮುಂದಿನ ಸಾಲಿನಿಂದ ಒಂದು ಸದ್ದಿಲ್ಲ. ಬೈಗುಳವೂ ಇಲ್ಲ, ಭಲೇ ಎಂಬುದೂ ಇಲ್ಲ.

ಎರಡನೆಯ ಪದ್ಯ ಮುಗಿಯಿತು. ಜೂನಿಯಸ್ ನಿಂತ. ಅವಳೂ ನಿಂತಳು. ತಲೆ ತಗ್ಗಿಸುವ ಮುಂಚೆ ಯಾಕೋ ಪಕ್ಕಕ್ಕೆ ನೋಡಿದಳು. ಗೋಡೆಯ ಮೇಲೆ ಅವನ ಬಲಗೈ ಸರಿಯಾಗಿ ಅವಳ ಮುಖದ ಎತ್ತರಕ್ಕಿತ್ತು. ಅಂಗೈ ಮೇಲಾಗಿ, ಬೆರಳು ಬಿಚ್ಚಿ, ಪಕ್ಕಕ್ಕೆ ಚಾಚಿತ್ತು. ಅವನೇನೂ ದಣಿದಿರಲಿಲ್ಲ, ನಗುತ್ತಿದ್ದ.

ಇಷ್ಟು ವರ್ಷ ಅವಳು ಕಾಲು ನೋಡಿದ್ದೇ ನೋಡಿದ್ದು, ಕೈಯನ್ನು ನೋಡಿಯೇ ಇರಲಿಲ್ಲ. ಇಬ್ಬರು ಕುಣಿತಗಾರರು ಎದುರುಬದುರು ಇಳಿದಾಗ ಒಬ್ಬ ಎಂಟು ತಾಳ ಕುಣಿದು, ಹೀಗೇ ಕೈಚಾಚಿ ಇನ್ನೊಬ್ಬನಿಗೆ ಸರದಿ ಬಿಡುತ್ತಾನೆ. ಈಗ ನೀನು, ಎಂದರ್ಥ. ಅಡುಗೆಮನೆಯಲ್ಲಿ ಅವನು ಅವಳಿಗೆ ದಿನಾ ಹೀಗೆ ಕೈಚಾಚುತ್ತಿದ್ದ. ಅವನು ಸರದಿ ಬಿಟ್ಟು ಐವತ್ತು ವರ್ಷದಿಂದ ಕಾಯುತ್ತಿದ್ದಾನೆ, ಅವಳು ಪ್ರತಿವರ್ಷ ಅಲ್ಲಿಗೆ ಬಂದು, ತಲೆ ತಗ್ಗಿಸಿ, ಅತ್ತು ಹೋಗಿದ್ದಾಳೆ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ನುಗ್ಗಿದವು.

ಮಹಡಿಯ ಮೇಲಿನ ಆ ನೆಲ ನೆನಪಾಯಿತು. ರೆನೀಟಾಳ ಮಂಡಿ ನೆನಪಾಯಿತು. ಹಾಳಾಗಿ ಹೋಗಲಿ ಎಂದುಕೊಂಡು ಕಾಲೆತ್ತಿದಳು.

ಹಿಮ್ಮಡಿ ನೆಲಕ್ಕೆ ಬಿದ್ದ ಸದ್ದಿಗೆ ಥ್ಯಾಡ್ ಬೆಚ್ಚಿ ಕೋಲು ಸಂಭಾಳಿಸಿಕೊಂಡ. ಇದು ಜೂನಿಯಸನ ಹೆಜ್ಜೆಯಲ್ಲ. ಕುಂಟುವ ಎಡಮಂಡಿಯ ಹೆಜ್ಜೆ, ಒಂದು ಗಟ್ಟಿ ಒಂದು ಮೆಲ್ಲಗೆ, ಅರವತ್ತಾರರ ಹೆಂಗಸಿಗೆ ಮಾತ್ರ ಬರುವಂಥದ್ದು. ಮಾತೂ ತಾನಾಗಿ ಬಂತು.

"ಗೋಡೆಗವನ ಹೆಸರು ಕೊರೆದಿರಿ, ಗೋಡೆ ನಿಮ್ಮದೇ ಇರಲಿ,
ನಮ್ಮಕ್ಕನ ಒಲೆಯ ಮೇಲೆ ಕಾರು ನಿಲ್ಲಿಸಿ ಬಂದಿರಿ,
ಸತ್ತವನು ಸುಮ್ಮನಿದ್ದಾನೆಂದು ತಿಳಿದಿರಾ?
ನನಗೆ ಸರದಿ ಬಿಟ್ಟು ನಿಂತಿದ್ದಾನೆ, ಕೇಳಿಸಿಕೊಳ್ಳಿ!"

ಹಿಂದಿನ ಸಾಲುಗಳು ಹೋ ಎಂದವು. ಗೋಡೆಯ ಮೇಲೆ ಜೂನಿಯಸ್ ಮತ್ತೆ ಕುಣಿಯತೊಡಗಿದ. ಅರ್ಲೀನ್ ಈ ಸಲ ಅವನ ಜೊತೆ ಕುಣಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಎದುರಾಳಿಯನ್ನು ನೋಡುವ ಹಾಗೆ ನೋಡುತ್ತ ನಿಂತಳು. ಅವನು ಮುಗಿಸಿ ಗೋಡೆ ಬರಿದಾದಾಗ ತನ್ನ ಪಾಲಿನದನ್ನು ಒಬ್ಬಳೇ ಕುಣಿದಳು. ಆಗ ಮುಂದಿನ ಸಾಲಿನ ಮುದುಕರು ಕೂತಲ್ಲೇ ಬೂಟುಗಾಲಿನಿಂದ ನೆಲ ಬಡಿದರು. ಕುಣಿತಗಾರರು ಕುಣಿತಗಾರರಿಗೆ ಚಪ್ಪಾಳೆ ತಟ್ಟುವುದಿಲ್ಲ, ನೆಲ ಬಡಿಯುತ್ತಾರೆ. ಜೂನಿಯಸನ ನೆರಳಿಗೆ ಅವರು ಒಮ್ಮೆಯೂ ಬಡಿದವರಲ್ಲ.

ರಂಗದಿಂದ ಒಳಗೆ ಬಂದರೆ ಹೇಲ್ ಕೆಂಪಗಾಗಿ ಕಾದಿದ್ದ.

"ಮಾತು ತಪ್ಪಿದ್ರಿ ಅರ್ಲೀನ್ ಅವರೇ. ಆ ಕೋಣೆ ನಿಮಗಿಲ್ಲ."

"ಗೊತ್ತು."

"ಅವನ ನೆನಪಿಗೆ ಇದು ಅವಮಾನ."

"ಅವನನ್ನ ನೀವು ಓದಿದೀರ ಸಾಹೇಬ್ರೇ, ನಾನು ಅವನ ಹತ್ರ ಬೈಸ್ಕೊಂಡಿದೀನಿ. ಅವನಿಗೆ ಯಾವುದು ಅವಮಾನ ಅಂತ ನನಗೆ ಹೇಳ್ಕೊಡಬೇಡಿ. ಆ ಹುಡುಗನ್ನ ಕರೆಸಿ, ಪಾಪ, ಚೆನ್ನಾಗಿ ಸುಮ್ಮನೆ ನಿಲ್ತಾನೆ."

ಆ ನೆಲಕ್ಕಾಗಿ ಅವಳಿಗೆ ಹೊಟ್ಟೆ ಉರಿಯದೆ ಇರಲಿಲ್ಲ, ಉರಿಯಿತು. ಬೂಟು ಬಿಚ್ಚುವಾಗ ಮಂಡಿ ಹಿಡಿದುಕೊಂಡು ಒಂದೆರಡು ಕೆಟ್ಟ ಬೈಗುಳ ಬೈದಳು. ಅಷ್ಟರಲ್ಲಿ ರೆನೀಟಾ ಓಡಿಬಂದು ತಬ್ಬಿಕೊಂಡಳು.

"ಮಿಸ್, ಕೋಣೆ ಹೋದ್ರೆ ಹೋಗ್ಲಿ, ಸಿಮೆಂಟು ನಮಗೇನು ಹೊಸದಾ? ಇವತ್ತು ನೀವು ಕುಣಿದಿದ್ದನ್ನ ಪೂರ್ತಿ ಫೋನಲ್ಲಿ ಹಿಡ್ಕೊಂಡಿದೀನಿ. ಒಂದು ಹೆಜ್ಜೆನೂ ಬಿಡದೆ, ಹಾಗ್ಹಾಗೇ ಕಲ್ತುಬಿಡ್ತೀನಿ, ನೋಡ್ತಿರಿ!"

ಅರ್ಲೀನ್ ಬೂಟನ್ನು ಕೈಗೆತ್ತಿಕೊಂಡಳು.

"ಹಾಗ್ಹಾಗೇ ಕುಣಿದ್ಯೋ, ಇದರಲ್ಲೇ ಬಾರಿಸ್ತೀನಿ" ಅಂದಳು. "ನಿನಗೆ ಎಂಟು ತಾಳ ಬಿಟ್ಟಿದೀನಿ. ಎದುರಿಗೆ ಬಾ."