ಅಂಜಿನಯ್ಯನ ಪಥ್ಯ

ಹೆಗ್ಗನಹಳ್ಳಿಯ ಕೆಂಚಪ್ಪನ ಕೊನೆಯ ಮಗ ಅಂಜಿನಯ್ಯನಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ, ಅಂದರೆ ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಎರಡು ಒಳ್ಳೆಯ ಕೆಲಸಗಳಾದವು. ರಾಜಾಜಿನಗರದ ನಟ್ಟು ಬೋಲ್ಟಿನ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ಅವನ ನೌಕರಿ ಕಾಯಂ ಆಯಿತು. ಸುಂಕದಕಟ್ಟೆಯ ಮುನಿರಾಮಯ್ಯನ ಮಗಳು ಯಶೋದಮ್ಮನ ಜೊತೆ ಮದುವೆ ನಿಶ್ಚಯವಾಯಿತು. ಹುಡುಗಿಗೆ ಇಪ್ಪತ್ತೊಂದು ವರ್ಷ. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ತರಬೇತಿಯ ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು. ಆಸ್ಪತ್ರೆಯ ಹುಡುಗಿ ನಮಗ್ಯಾಕೆ ಎಂದು ಅಂಜಿನಯ್ಯನ ತಾಯಿ ಬೋರಮ್ಮ ಮೊದಲು ಮೂಗು ಮುರಿದಿದ್ದಳು. ಹೆಣ್ಣು ನೋಡಲು ಹೋದ ದಿನ ಯಶೋದಮ್ಮ ಅವಳ ಮಂಡಿನೋವಿಗೆ ಬಿಸಿ ಉಪ್ಪಿನ ಶಾಖ ಕೊಟ್ಟಳು. ಬೋರಮ್ಮ ಆಮೇಲೆ ಆ ಮಾತೆತ್ತಲಿಲ್ಲ.

ಕೆಟ್ಟದ್ದು ಅಂತ ಆಗಿದ್ದು ಒಂದೇ. ಪಕ್ಕದ ಮೆಷಿನ್ನಿನ ನಾಗರಾಜು ಒಂದು ದಿನ ಊಟದ ಹೊತ್ತಿನಲ್ಲಿ ಅಂಜಿನಯ್ಯನ ಕೈಗೆ ಹಳದಿ ಕಾಗದವೊಂದನ್ನು ತುರುಕಿದ.

"ಓದ್ಕೊ ಗುರು. ಮದ್ವೆಗೆ ಮುಂಚೆ ಗಂಡಸಾದವನು ಇದನ್ನ ಓದ್ಲೇಬೇಕು."

"ನೀನು ಓದಿದ್ಯಾ?"

"ನಂಗಾಗ್ಲೇ ಮದ್ವೆ ಆಗೋಗಿದೆ. ಈಗ ಓದಿ ಏನು ಮಾಡ್ಲಿ?" ಎಂದು ನಾಗರಾಜು ಮೊಸರನ್ನದ ಡಬ್ಬಿ ತೆರೆದ.

ಕಾಗದದ ತಲೆಯಲ್ಲಿ 'ಯುವಕರೇ, ಎಚ್ಚರ!' ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಪ್ರಶ್ನೆಗಳು. ಬೆಳಗ್ಗೆ ಆಕಳಿಕೆ ಬರುತ್ತದೆಯೇ? ಸಂಜೆ ಕಾಲು ಸೋಲುತ್ತದೆಯೇ? ಒಬ್ಬರೇ ಕೂತಾಗ ಮದುವೆಯ ಯೋಚನೆ ಬರುತ್ತದೆಯೇ? ಹಿರಿಯರ ಮುಂದೆ ಮಾತು ತಡವರಿಸುತ್ತದೆಯೇ? ಇವುಗಳಲ್ಲಿ ಎರಡಕ್ಕೆ ಹೌದು ಎಂದರೂ ನಿಮ್ಮ ಧಾತು ಕ್ಷೀಣಿಸಿದೆ, ಮದುವೆಯಾದರೆ ಮಾನ ಹೋಗುವುದು ಖಂಡಿತ, ಕೂಡಲೇ ಪಂಡಿತರನ್ನು ಕಾಣಿರಿ ಎಂದು ಬರೆದಿತ್ತು. ಅಂಜಿನಯ್ಯ ದಿನವೂ ಹೆಗ್ಗನಹಳ್ಳಿಯಿಂದ ಸೈಕಲ್ಲು ತುಳಿದು ಬಂದು ಎಂಟು ಗಂಟೆ ನಿಂತೇ ಕೆಲಸ ಮಾಡಿ ಮತ್ತೆ ಸೈಕಲ್ಲು ತುಳಿದು ಹೋಗುವವನು. ಸಂಜೆ ಅವನ ಕಾಲು ಸೋಲದೆ ಇನ್ನೇನಾಗಬೇಕು? ಆದರೆ ಕಾಗದ ಹಿಡಿದಾಗ ಅವನಿಗೆ ಅದು ಹೊಳೆಯಲಿಲ್ಲ. ನಾಲ್ಕಕ್ಕೆ ನಾಲ್ಕೂ ಹೌದು. ಕಾಗದವನ್ನು ಮಡಿಚಿ ಜೇಬಿನೊಳಗೆ ತುರುಕಿದ.

ಇಂಥ ವಿಷಯ ಯಾರನ್ನು ಕೇಳುವುದು? ಅಪ್ಪನ ಜೊತೆ ಅವನು ಎತ್ತಿನ ಲಾಳ ಮತ್ತು ಮಳೆ ಬಿಟ್ಟು ಬೇರೆ ಮಾತಾಡಿದವನಲ್ಲ. ಅಣ್ಣಂದಿರು ಕೇಳಿದರೆ ನಗುತ್ತಾರೆ. ಶಾಲೆಯಲ್ಲಿ ಮೇಷ್ಟರು ದೇಹಶಾಸ್ತ್ರದ ಪಾಠವನ್ನು ಹೊಟ್ಟೆಯವರೆಗೆ ಮಾಡಿ, ಅಲ್ಲಿಂದ ನೇರವಾಗಿ ಮಂಡಿಗೆ ಹಾರಿದ್ದರು. ಭಾನುವಾರ ಅಂಜಿನಯ್ಯ ಕಾಗದದಲ್ಲಿದ್ದ ವಿಳಾಸ ಹಿಡಿದು ಮೆಜೆಸ್ಟಿಕ್ಕಿನ ಕಡೆ ಹೊರಟ.

ಪಂಡಿತರು ಲಾಡ್ಜೊಂದರ ಮಹಡಿಯಲ್ಲಿ ಹುಲಿಚರ್ಮದ ಬಣ್ಣದ ಕಂಬಳಿಯ ಮೇಲೆ ಕೂತಿದ್ದರು. ಇವನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು.

"ನಿದ್ದೆಯಲ್ಲಿ ಕನಸು ಬೀಳುತ್ತದೆಯೋ?"

"ಬೀಳ್ತವೆ ಸ್ವಾಮಿ."

"ಎದ್ದಾಗ ಬಟ್ಟೆ ಒದ್ದೆ?"

"ಯಾವಾಗ್ಲಾದ್ರೂ ಒಂದ್ಸಲ..."

ಪಂಡಿತರು ಹೆಣದ ಮುಂದೆ ಕೂತವರಂತೆ ನಿಟ್ಟುಸಿರು ಬಿಟ್ಟರು. "ಒಂದು ತೊಟ್ಟು ಧಾತು ಹೋದರೆ ನೂರು ತೊಟ್ಟು ರಕ್ತ ಹೋದ ಹಾಗೆ. ನೀನು ಇನ್ನೂ ನಿಂತಿರುವುದೇ ಆಶ್ಚರ್ಯ."

ಅಂಜಿನಯ್ಯ ತಕ್ಷಣ ಕೂತುಬಿಟ್ಟ.

ನಲವತ್ತೆಂಟು ದಿನ ಲೇಹ್ಯ ತಿನ್ನಬೇಕು. ಅಷ್ಟೂ ದಿನ ಉಪ್ಪು, ಹುಳಿ, ಖಾರ, ಈರುಳ್ಳಿ ಮುಟ್ಟಬಾರದು. ಬರೀ ನೆಲದ ಮೇಲೆ ಮಲಗಬೇಕು. ಬೆಳಗಿನ ಜಾವ ತಣ್ಣೀರಿನಲ್ಲಿ ಮಂಡಿಮಟ್ಟ ನಿಲ್ಲಬೇಕು. ಹೆಂಗಸರ ಮುಖ ನೋಡಿ ಮಾತಾಡಬಾರದು. ಅಂಜಿನಯ್ಯ ಎಲ್ಲಕ್ಕೂ ತಲೆಯಾಡಿಸಿ, ಕಪ್ಪು ಲೇಹ್ಯದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ಬಂದ.

ಮಾರನೆಯ ದಿನ ಬೋರಮ್ಮ ಬಸ್ಸಾರು ಮಾಡಿದ್ದಳು. ಮಗ ಅದನ್ನು ಪಕ್ಕಕ್ಕೆ ಸರಿಸಿ, ಮುದ್ದೆಯನ್ನು ಹಾಲಿನಲ್ಲಿ ಅದ್ದಿ ನುಂಗಿದ. ಮೂರನೆಯ ದಿನವೂ ಅಷ್ಟೇ. ಚಾಪೆ ಬಿಟ್ಟು ನೆಲದ ಮೇಲೆ ಮಲಗಿದ. ಕೋಳಿ ಕೂಗುವ ಮೊದಲೇ ಕಟ್ಟೆಯ ನೀರಿನಲ್ಲಿ ಹಲ್ಲು ಕಟಕಟ ಎನ್ನಿಸುತ್ತ ನಿಂತಿದ್ದನ್ನು ದನ ಹೊಡೆದುಕೊಂಡು ಹೋದವರು ನೋಡಿದರು. ತಾಯಿ ಏನಾದರೂ ಕೇಳಿದರೆ ಮುಖ ನೋಡದೆ ಗೋಡೆಗೆ ಉತ್ತರ ಹೇಳುತ್ತಿದ್ದ. ಹತ್ತು ದಿನ ನೋಡಿದ ಬೋರಮ್ಮ ಪಕ್ಕದ ಮನೆಯ ಅಕ್ಕಯ್ಯಮ್ಮನ ಹತ್ತಿರ ಕಣ್ಣೀರು ಹಾಕಿದಳು.

"ನನ್ನ ಮಗ ಸನ್ಯಾಸಿ ಆಯ್ತಾವ್ನೆ ಕಣಕ್ಕ."

"ಯಾರ್ಗೂ ಹೇಳ್ಬ್ಯಾಡ ಬೋರಿ," ಎಂದು ಅಕ್ಕಯ್ಯಮ್ಮ ಸಮಾಧಾನ ಮಾಡಿದಳು. ಅವಳು ಆ ಸಂಜೆ ಅದನ್ನು ಸುಂಕದಕಟ್ಟೆಯ ಸಂತೆಯಲ್ಲಿ ನಾಲ್ಕೇ ಜನಕ್ಕೆ ಹೇಳಿದಳು.

ಮುಂದಿನ ಭಾನುವಾರ ಬೆಳಗ್ಗೆ ಮುನಿರಾಮಯ್ಯ ತನ್ನೂರಿನ ಹಿರಿಯ ತಿಮ್ಮಯ್ಯನನ್ನು ಕರೆದುಕೊಂಡು ಕೆಂಚಪ್ಪನ ಮನೆ ಬಾಗಿಲಿಗೆ ಬಂದ. ಅವರ ಹಿಂದೆ, ಯಾರೂ ಕರೆಯದಿದ್ದರೂ, ಆಸ್ಪತ್ರೆಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಯಶೋದಮ್ಮನೂ ಬಂದಳು. ಅಂಜಿನಯ್ಯನನ್ನು ಜಗಲಿಯ ಮೇಲೆ ಕೂರಿಸಿದರು.

"ಸನ್ಯಾಸ ತಗೊಳೋದಾದ್ರೆ ಈಗ್ಲೇ ಹೇಳ್ಬಿಡಪ್ಪ," ಎಂದ ಮುನಿರಾಮಯ್ಯ. "ಚಪ್ಪರಕ್ಕೆ ಬಿದಿರು ಕಡ್ಸಿಬಿಟ್ಟಿವ್ನಿ."

"ಸನ್ಯಾಸ ಇಲ್ಲ ಮಾವ. ಇದು... ಇದೊಂದು ಹರಕೆ."

"ಯಾವ ದೇವ್ರಿಗ್ಲಾ?" ಎಂದ ಕೆಂಚಪ್ಪ.

ಗಾಬರಿಯಲ್ಲಿ ಅಂಜಿನಯ್ಯನಿಗೆ ತನ್ನ ಹೆಸರಿನ ದೇವರೇ ಬಾಯಿಗೆ ಬಂದ. "ಆಂಜನೇಯಂಗೆ."

ಬೋರಮ್ಮ ಎದೆ ಬಡಿದುಕೊಂಡಳು. "ಅಯ್ಯೋ, ಮೂವತ್ತು ಮೂರು ಕೋಟಿ ದೇವ್ರಲ್ಲಿ ಬ್ರಹ್ಮಚಾರಿ ದೇವ್ರೇ ಬೇಕಾಗಿತ್ತೇನ್ಲಾ ನಿಂಗೆ!"

ಮುನಿರಾಮಯ್ಯ ಟವೆಲು ಕೊಡವಿ ಎದ್ದ. ತಿಮ್ಮಯ್ಯ ಅವನ ಕೈ ಹಿಡಿದು ಎಳೆದು ಕೂರಿಸಿದ. ಆಗ ಬಾಗಿಲ ಪಕ್ಕದಲ್ಲಿ ನಿಂತಿದ್ದ ಯಶೋದಮ್ಮ ಬಾಯಿ ತೆರೆದಳು.

"ಅಪ್ಪ, ಮದ್ವೆ ಆಗೋಳು ನಾನು. ಇವ್ರ ಹತ್ರ ಒಂದೆರಡು ಮಾತಾಡ್ಬೇಕು. ಆ ಹೊಂಗೆ ಮರದ ಕೆಳಗೆ ನಿಲ್ತೀವಿ. ನಿಮ್ಮೆಲ್ಲರ ಕಣ್ಣಿಗೂ ಕಾಣ್ತೀವಿ."

ಮದುವೆಗೆ ಮುಂಚೆ ಹೆಣ್ಣು ಗಂಡು ಮಾತಾಡುವುದೇ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ಆದರೆ ಮದುವೆಯೇ ಮುರಿಯುವಂತಿರುವಾಗ ಮಾತಿನಿಂದ ಇನ್ನೇನು ಕೆಡುತ್ತದೆ ಎಂದು ತಿಮ್ಮಯ್ಯ ಒಪ್ಪಿಸಿದ. ಇಬ್ಬರೂ ಬಾವಿಯಾಚೆಯ ಮರದ ಕೆಳಗೆ ಹೋದರು. ಜಗಲಿಗೆ ಅಲ್ಲಿಯ ಆಟ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

"ಏನು ಲೇಹ್ಯ ತಿಂತಾ ಇದೀರ?" ಯಶೋದಮ್ಮ ನೇರವಾಗಿ ಕೇಳಿದಳು.

ಅಂಜಿನಯ್ಯ ಮರಕ್ಕೆ ಉತ್ತರ ಕೊಟ್ಟ. "ಯಾವ ಲೇಹ್ಯ?"

"ನಿಮ್ಮ ಮೈಯಿಂದ ವಾಸನೆ ಬರ್ತಾ ಇದೆ ಕಣ್ರೀ. ಗಂಡಸರ ವಾರ್ಡಿಗೆ ಇದನ್ನ ತಿಂದು ಹೊಟ್ಟೆ ಕೆಡಿಸ್ಕೊಂಡೋರು ಬರ್ತಾನೇ ಇರ್ತಾರೆ. ಅವ್ರೂ ಹೀಗೇ, ಮುಖ ನೋಡಲ್ಲ. ಎಲ್ರ ಜೇಬಲ್ಲೂ ಒಂದು ಹಳದಿ ಕಾಗದ ಇರತ್ತೆ. ನಿಮ್ಹತ್ರ ಇದ್ರೆ ಕೊಡಿ."

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಜೇಬಿನಲ್ಲಿ ಹತ್ತು ಮಡಿಕೆಯಾಗಿದ್ದ ಹಳದಿ ಕಾಗದ ತೆಗೆದು ಕೊಟ್ಟ.

"ಹುಡುಗಿ ಕಾಗದ ಓದ್ತಾವ್ಳೆ," ಎಂದ ಜಗಲಿಯ ಮೇಲಿಂದ ತಿಮ್ಮಯ್ಯ.

"ಜಾತಕ ಇರ್ಬೇಕು," ಎಂದ ಕೆಂಚಪ್ಪ.

ಯಶೋದಮ್ಮ ಒಂದೊಂದೇ ಪ್ರಶ್ನೆ ಓದಿದಳು. "ಬೆಳಗ್ಗೆ ಆಕಳಿಕೆ. ನಂಗೂ ಬರತ್ತೆ. ಸಂಜೆ ಕಾಲು ಸೋಲೋದು. ವಾರ್ಡಿನಲ್ಲಿ ಓಡಾಡಿದ್ರೆ ನಂಗೂ ಸೋಲತ್ತೆ. ಒಬ್ಬರೇ ಕೂತಾಗ ಮದ್ವೆ ಯೋಚನೆ..." ಇಲ್ಲಿ ಸ್ವಲ್ಪ ತಡೆದಳು. "ಅದೂ ಬರತ್ತೆ. ಹಾಗಾದ್ರೆ ನಂದೂ ಧಾತು ಕ್ಷೀಣಿಸಿದೆ ಅನ್ನಿ."

ಅಂಜಿನಯ್ಯ ಆ ದಿನ ಮೊದಲ ಸಲ ಅವಳ ಮುಖ ನೋಡಿದ. ನಗಬೇಕೋ ಬೇಡವೋ ತಿಳಿಯಲಿಲ್ಲ.

"ಇಲ್ಲಿ ಕೇಳಿ. ನಿದ್ದೇಲಿ ಹಾಗಾಗೋದು ರೋಗ ಅಲ್ಲ. ಬಾಯಲ್ಲಿ ಎಂಜಲು ಊರಲ್ವಾ, ಮೈಯಲ್ಲಿ ಅದೂ ಹಾಗೇ ಊರತ್ತೆ. ಹೆಚ್ಚಾಗಿದ್ದು ಹೋಗತ್ತೆ, ಮತ್ತೆ ಊರತ್ತೆ. ವಯಸ್ಸಿಗೆ ಬಂದ ಗಂಡಸರಿಗೆಲ್ಲ ಆಗೋದೇ. ರಕ್ತಕ್ಕೂ ಅದಕ್ಕೂ ಲೆಕ್ಕ ಹಾಕೋದು ಸುಳ್ಳು."

"ಎಲ್ರಿಗೂ ಆಗತ್ತಾ?"

"ಆ ಪಂಡಿತಂಗೂ ಆಗಿರತ್ತೆ."

ಅಂಜಿನಯ್ಯ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಹದಿನೈದು ದಿನದಿಂದ ತಾನು ಹಾಳಾದವನು, ಒಂದು ಹೆಣ್ಣಿನ ಬಾಳನ್ನೂ ಹಾಳು ಮಾಡಲು ಹೊರಟವನು ಎಂದು ಒಳಗೇ ಕೊರಗಿದ್ದ.

"ಹುಡುಗ ಅಳ್ತಾವ್ನೆ," ಎಂದ ತಿಮ್ಮಯ್ಯ.

"ಜಾತಕ ಕೂಡ್ಲಿಲ್ಲ ಅಂತ ಕಾಣ್ತದೆ," ಎಂದು ಕೆಂಚಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ.

ಮರದ ಕೆಳಗೆ ಈಗ ಅಂಜಿನಯ್ಯನಿಗೆ ಮಾತು ಬಂದಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ಕೇಳಲು ಯಾರೂ ಇಲ್ಲದೆ ಇಟ್ಟುಕೊಂಡಿದ್ದನ್ನೆಲ್ಲ ಕೇಳತೊಡಗಿದ. ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಯಾಕೆ ಕೂರುತ್ತಾರೆ? ಹೆಣ್ಣು ಮಗು ಹುಟ್ಟಿದರೆ ಅದು ತಾಯಿಯ ತಪ್ಪೋ? ಅವಳು ಕೆಲವಕ್ಕೆ ಉತ್ತರ ಹೇಳಿದಳು. ಒಂದೆರಡಕ್ಕೆ ಕೆನ್ನೆ ಕೆಂಪಾಗಿ, "ಅದು ನಂಗೂ ಗೊತ್ತಿಲ್ಲ. ಡಾಕ್ಟರಮ್ಮನ್ನ ಕೇಳಿ ಹೇಳ್ತೀನಿ," ಎಂದಳು.

ಆಮೇಲೆ ಅವಳು ಕಾಗದವನ್ನು ಮಡಿಚಿ ಹೇಳಿದಳು. "ಈಗ ನಂದೊಂದು ಮಾತು. ನಮ್ಮಕ್ಕ ಇಂದ್ರಮ್ಮ ಮದ್ವೆಯಾದ ನಾಕು ವರ್ಷದಲ್ಲಿ ಮೂರು ಹೆತ್ತಳು. ಮೂರನೇದಕ್ಕೆ ಹೋಗ್ಬಿಟ್ಲು. ಮೈಯಲ್ಲಿ ರಕ್ತಾನೇ ಇರ್ಲಿಲ್ಲ. ಬೇಡ ಅನ್ನಬಹುದು ಅಂತ ಅವಳಿಗೆ ಗೊತ್ತಿರ್ಲಿಲ್ಲ, ಭಾವಂಗೂ ಗೊತ್ತಿರ್ಲಿಲ್ಲ. ಅದಕ್ಕೇ ನಾನು ಹಟ ಹಿಡಿದು ಆಸ್ಪತ್ರೆಗೆ ಸೇರಿದ್ದು. ಮದ್ವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀನಿ. ಮಗು ಎರಡು ವರ್ಷ ಆದ್ಮೇಲೆ. ಅದಕ್ಕೆ ದಾರಿ ಇದೆ, ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳ್ಕೊಡ್ತಾರೆ. ನೀವು ನನ್ನ ಜೊತೆ ಬರ್ಬೇಕು. ಒಪ್ಪಿಗೆ ಇಲ್ಲಾಂದ್ರೆ ಈಗ್ಲೇ ಹೇಳಿ."

ಅಂಜಿನಯ್ಯ ಯೋಚಿಸಿದ. "ನಮ್ಮವ್ವ ಏನಂತಾಳೋ..."

"ನಿಮ್ಮವ್ವನ್ನ ನಾನು ಮದ್ವೆ ಆಗ್ತಾ ಇಲ್ಲ."

ಅವನಿಗೆ ನಗು ಬಂತು. ಹದಿನೈದು ದಿನ ಹಾಲು ಮುದ್ದೆ ತಿಂದವನ ನಗು. ಹೊಟ್ಟೆ ಹಿಡಿದುಕೊಂಡು, ಮರಕ್ಕೆ ಒರಗಿ ನಕ್ಕ. "ಆಯ್ತು, ಬರ್ತೀನಿ ಕಣ್ರೀ," ಎಂದ.

"ಜಾತಕ ಕೂಡ್ತು!" ಎಂದು ತಿಮ್ಮಯ್ಯ ಎದ್ದೇ ನಿಂತ.

ಜಗಲಿಗೆ ಬಂದು ಯಶೋದಮ್ಮ ಹಿರಿಯರಿಗೆ ಚಿಕ್ಕದಾಗಿ ಹೇಳಿದಳು. ಇವರಿಗೆ ಒಬ್ಬ ಪಂಡಿತ ಕೆಟ್ಟ ಔಷಧಿ ಕೊಟ್ಟು ಹೆದರಿಸಿದ್ದಾನೆ, ಔಷಧಿ ಬಿಟ್ಟರೆ ಸರಿಹೋಗುತ್ತದೆ, ಹರಕೆಯೂ ಇಲ್ಲ ಸನ್ಯಾಸವೂ ಇಲ್ಲ. ಏನು ಕಾಯಿಲೆ ಎಂದು ಕೆಂಚಪ್ಪ ಕೇಳಿದ. "ಕಾಯಿಲೆ ಇಲ್ಲ ಮಾವ, ಹೆದರಿಕೆ," ಎಂದಳು. ಬೋರಮ್ಮ ಅಷ್ಟರಲ್ಲಿ ಒಳಗೆ ಹೋಗಿ ಮಗನಿಗೆ ಉಪ್ಪು ಖಾರ ಹಾಕಿದ ಸಾರು ಬಡಿಸುತ್ತಿದ್ದಳು. ಅವನು ನಾಲ್ಕು ಮುದ್ದೆ ಮುಗಿಸಿದ.

ಎಲ್ಲರೂ ಹೊರಟಾಗ ತಿಮ್ಮಯ್ಯ ಮಾತ್ರ ಬೇಕೆಂದೇ ಹಿಂದುಳಿದು ಯಶೋದಮ್ಮನ ಪಕ್ಕಕ್ಕೆ ಬಂದ. ಎಪ್ಪತ್ತು ವರ್ಷದ ಮುದುಕ ಸುತ್ತ ನೋಡಿ, ಮೀಸೆಯೊಳಗೇ ಹೇಳಿದ. "ತಾಯಿ, ಅಂಥದ್ದೇ ಒಂದು ಕಾಗದ ನಂಗೂ ಕೊಟ್ಟಿದ್ರು. ಮಾರಾಜರ ಕಾಲದಾಗೆ. ಎರಡು ವರ್ಷ ಖಾರ ಮುಟ್ಟಿರ್ಲಿಲ್ಲ ನಾನು."

"ಆಮೇಲೆ?"

"ಆಮೇಲೇನು, ಐದು ಮಕ್ಕಳಾದೋ. ಆದ್ರೂ ಹೆದ್ರಿಕೆ ಇವತ್ತಿನಗಂಟ ಇತ್ತು ಕಣವ್ವ."

ಪರೀಕ್ಷೆ ಮುಗಿಯಿತು, ಮದುವೆಯೂ ಆಯಿತು. ಯಶೋದಮ್ಮ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅಂಜಿನಯ್ಯ ಕೊಟ್ಟ ಮಾತಿನಂತೆ ಅವಳ ಜೊತೆ ಡಾಕ್ಟರಮ್ಮನ ಮುಂದೆ ಕೂತು, ಕಿವಿ ಬಿಸಿಯಾದರೂ ಎದ್ದು ಹೋಗದೆ ಎಲ್ಲವನ್ನೂ ಕೇಳಿಸಿಕೊಂಡ. ಕಾರ್ಖಾನೆಯಲ್ಲಿ ಅದನ್ನು ನಾಗರಾಜುವಿಗೂ ಹೇಳಿದ. ನಾಗರಾಜು ಮೊದಲು ನಕ್ಕ. ವಾರ ಕಳೆದ ಮೇಲೆ ತನ್ನ ಹೆಂಡತಿಯನ್ನೂ ಕರೆದುಕೊಂಡು ಹೋದ.

ವರ್ಷ ತುಂಬಿದರೂ ಸೊಸೆ ಬಸುರಾಗಲಿಲ್ಲ ಎಂದು ಬೋರಮ್ಮ ಕಂಡ ಕಂಡ ದೇವರಿಗೆ ಹಣ್ಣು ಕಾಯಿ ಮಾಡಿಸತೊಡಗಿದಳು. ಅಕ್ಕಯ್ಯಮ್ಮ ಬೇರೆ ದಿನಕ್ಕೊಂದು ಬೇರು ತಂದು ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಯಶೋದಮ್ಮ ಅತ್ತೆಯನ್ನು ಅಡುಗೆ ಮನೆಯಲ್ಲಿ ಕೂರಿಸಿ, ದೇವರದೇನೂ ತಪ್ಪಿಲ್ಲ, ಇದು ನಾವಿಬ್ಬರೂ ಮಾಡಿದ ತೀರ್ಮಾನ ಎಂದು ಬಿಡಿಸಿ ಹೇಳಿದಳು. ಅಂಜಿನಯ್ಯ ಬಾಗಿಲಲ್ಲಿ ನಿಂತು, ತಾಯಿ ಸೌಟು ಎತ್ತುತ್ತಾಳೆಂದು ಕಾದ.

ಬೋರಮ್ಮ ಸೌಟು ಎತ್ತಲಿಲ್ಲ. ಒಲೆಯ ಕೊಳ್ಳಿ ಹಿಂದಕ್ಕೆಳೆದು ಸೊಸೆಯ ಕಡೆ ತಿರುಗಿ ಕೂತಳು.

"ಇಂಥದ್ದೊಂದು ಐತೆ ಅಂತ ನಂಗ್ಯಾರೂ ಹೇಳ್ಲಿಲ್ವಲ್ಲೇ," ಎಂದಳು. "ಒಂಬತ್ತು ಹೆತ್ತೆ. ಮೂರನ್ನ ಮಣ್ಣು ಮಾಡ್ದೆ. ಈ ಮಂಡಿ, ಈ ಸೊಂಟ ಎಲ್ಲಾ ಆಗ್ಲೇ ಹೋಗಿದ್ದು. ಗೊತ್ತಿದ್ದಿದ್ರೆ ನಾಕಕ್ಕೇ ಸಾಕು ಅಂತಿದ್ದೆ."

"ಅವ್ವ, ನಾನು ಒಂಬತ್ತನೇವ್ನು," ಎಂದ ಅಂಜಿನಯ್ಯ. "ಹಂಗಾದ್ರೆ ನಾನು?"

ಬೋರಮ್ಮ ಮಗನನ್ನು ಮೇಲಿನಿಂದ ಕೆಳಗೆ ನೋಡಿ ಯೋಚಿಸಿದಳು. "ನೀನು ಅಕ್ಕಯ್ಯಮ್ಮನ ಮನೇಲಿ ಹುಟ್ತಿದ್ದೆ ಬಿಡ್ಲಾ. ಪಕ್ಕದಾಗೇ ಐತಲ್ಲ, ದಿನಾ ನೋಡ್ತಿದ್ದೆ."

ಮಾರನೆಯ ದಿನ ಯಶೋದಮ್ಮನಿಗೆ ರಜೆ. ಬೋರಮ್ಮ ಬೆಳಗ್ಗೆಯೇ ತಲೆ ಬಾಚಿಕೊಂಡು, ಬುತ್ತಿ ಕಟ್ಟಿಕೊಂಡು ಸೊಸೆಯನ್ನು ಅವಸರಪಡಿಸಿದಳು. ಶ್ರೀಗಂಧದ ಕಾವಲು ಎಂಬ ಹಳ್ಳಿಯಲ್ಲಿ ಬೋರಮ್ಮನ ಮಗಳು ಐದನೆಯ ಮಗುವಿನ ಬಾಣಂತನ ಮುಗಿಸಿ ಕೂತಿದ್ದಳು. ನಿನ್ನೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಬೇಕು, ಅಳಿಯನಿಗೂ ಹೇಳಬೇಕು, ಒಂದು ಮಾತೂ ಬಿಡಬಾರದು ಎಂದು ದಾರಿಯುದ್ದಕ್ಕೂ ಹೇಳುತ್ತ ನಡೆದಳು.