ಚಿಕ್ಕ ಅಳತೆಯ ಮಾಸ್ಕ್

ನೀರಿಗೆ ಬಿದ್ದವರನ್ನು ಕಾಪಾಡುವ ದಳದ ತರಬೇತಿ ಕೇಂದ್ರದಲ್ಲಿ ನಾನು ಇಪ್ಪತ್ತೆಂಟು ವರ್ಷ ಸ್ಟೋರ್ ನೋಡಿಕೊಂಡೆ. ಮೊಣಕಾಲುದ್ದ ನೀರಿಗೂ ಹೆದರುವವಳು ಮುಳುಗುವ ಕೆಲಸದವರಿಗೆ ಸಾಮಾನು ಕೊಡುತ್ತಿದ್ದೆ. ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಲ್ಲಿ ಕಚ್ಚಿಕೊಳ್ಳುವ ಉಸಿರಿನ ಕೊಳವೆ, ಕಾಲಿಗೆ ಹಾಕುವ ರಬ್ಬರ್ ರೆಕ್ಕೆ. ಹೊಸಬರಿಗೆ ಮೊದಲ ಮೂರು ತಿಂಗಳು ಇಷ್ಟೇ. ಗಾಳಿಯ ಸಿಲಿಂಡರ್ ಸಿಗುವುದು ಪರೀಕ್ಷೆ ಪಾಸಾದ ಮೇಲೆ.

ಮಾಸ್ಕ್ ಸರಿಹೊಂದುತ್ತದೆಯೋ ಇಲ್ಲವೋ ತಿಳಿಯಲು ಸುಲಭದ ಉಪಾಯವಿದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಬೇಕು. ಕೈ ಬಿಟ್ಟರೂ ಅದು ಬೀಳಬಾರದು. ಆ ವರ್ಷ ಬಂದ ಹನ್ನೊಂದು ಜನರಲ್ಲಿ ಹತ್ತು ಜನರ ಮುಖಕ್ಕೆ ಕಚ್ಚಿ ನಿಂತಿತು. ಹನ್ನೊಂದನೆಯವಳ ಮುಖದಿಂದ ಜಾರಿ ನನ್ನ ಮೇಜಿನ ಮೇಲೆ ಬಿತ್ತು.

ಅಂಗೈಯಷ್ಟೇ ಮುಖದ ಹುಡುಗಿ. ತರಬೇತಿ ಕೊಡುವ ಮೇಷ್ಟ್ರು ಮೊದಲ ದಿನವೇ ಅವಳಿಗೆ ಕಡ್ಡಿ ಎಂದು ಹೆಸರಿಟ್ಟಿದ್ದರು.

"ಇದಕ್ಕಿಂತ ಚಿಕ್ಕದು ಇಲ್ವಾ ಅಮ್ಮ?" ಎಂದಳು.

"ಇದೆ. ಕೊಡೋ ಹಾಗಿಲ್ಲ."

"ಪೂಜೆಗೆ ಇಟ್ಟಿದೀರಾ?"

ಹೆಚ್ಚುಕಮ್ಮಿ ಹಾಗೆಯೇ ಇತ್ತು. ನನ್ನ ಹಿಂದಿನ ಬೀರುವಿನಲ್ಲಿ ಆರು ಹೊಸ ಮಾಸ್ಕ್‌ಗಳಿದ್ದವು, ಎರಡು ಚಿಕ್ಕ ಅಳತೆಯವು. ತಪಾಸಣೆಗೆ ಬರುವ ಮೇಲಧಿಕಾರಿಗಳಿಗೆ ಹೊಚ್ಚ ಹೊಸದಾಗಿ ಕಾಣಲಿ ಎಂದು ನಮ್ಮ ಸಾಹೇಬರು ಬೀರುವಿಗೆ ಅರಗಿನ ಮುದ್ರೆ ಹಾಕಿಸಿದ್ದರು. ಆ ತಪಾಸಣೆ ನಾಲ್ಕು ವರ್ಷದಿಂದ 'ಮುಂದಿನ ತಿಂಗಳು' ಇತ್ತು. ಕೀಲಿಕೈ ನನ್ನ ಕುತ್ತಿಗೆಯ ದಾರದಲ್ಲಿತ್ತು.

ದೊಡ್ಡ ಮಾಸ್ಕ್‌ನಲ್ಲೇ ಕಡ್ಡಿ ಕಲಿತಳು. ನಿಮಿಷಕ್ಕೊಮ್ಮೆ ಒಳಗೆ ನೀರು ತುಂಬುತ್ತಿತ್ತು. ಮೇಲಿನ ಅಂಚನ್ನು ಹಣೆಗೆ ಒತ್ತಿ, ತಲೆ ಎತ್ತಿ, ಮೂಗಿನಿಂದ ಊದಿ ಅದನ್ನು ಹೊರಹಾಕುತ್ತಿದ್ದಳು. ಬೇರೆಯವರು ದಿನಕ್ಕೆ ಹತ್ತು ಸಲ ಮಾಡುವುದನ್ನು ಇವಳು ನೂರು ಸಲ ಮಾಡಿ ಎಲ್ಲರಿಗಿಂತ ಚುರುಕಾದಳು. ಆದರೂ ಮೇಷ್ಟ್ರು ದಡದಿಂದ ಕೂಗುತ್ತಿದ್ದರು: "ಏ ಕಡ್ಡಿ, ಕೊಳದ ನೀರೆಲ್ಲ ಮೂಗಲ್ಲೇ ಖಾಲಿ ಮಾಡ್ತೀಯಾ?"

ಸಾಮಾನು ವಾಪಸು ಮಾಡುವಾಗ ಅವಳ ಕಣ್ಣು ಕೆಂಪಾಗಿರುತ್ತಿತ್ತು. "ಅವರ ಮಾತು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡು" ಎನ್ನುತ್ತಿದ್ದೆ. ಬೈಯುವ ಮೇಷ್ಟ್ರೇ ಒಂದು ಮಧ್ಯಾಹ್ನ ಸೈಕಲ್ ಟ್ಯೂಬನ್ನು ತೆಳುವಾಗಿ ಕತ್ತರಿಸಿ ಅವಳ ಮಾಸ್ಕ್‌ನ ಅಂಚಿಗೆ ಅಂಟಿಸುತ್ತಿದ್ದುದನ್ನು ಕಂಡೆ. "ಅವಳಿಗೆ ಹೇಳ್ಬೇಡಿ, ತಲೆ ಮೇಲೆ ಕೂತ್ಕೋತಾಳೆ" ಎಂದರು. ನೀರು ಒಂದಿಷ್ಟು ಕಡಿಮೆ ಬಂತು, ನಿಲ್ಲಲಿಲ್ಲ.

ಕೊನೆಯ ಪರೀಕ್ಷೆ ಕೊಳದಲ್ಲಲ್ಲ, ಕಲ್ಲು ತೆಗೆದು ಬಿಟ್ಟ, ನೀರು ತುಂಬಿದ ಹಳ್ಳದಲ್ಲಿ. ಇಪ್ಪತ್ತು ಅಡಿ ಆಳದಿಂದ ಕೆಂಪು ಬಣ್ಣ ಬಳಿದ ಇಟ್ಟಿಗೆ ತರಬೇಕು. ಅಷ್ಟು ಆಳಕ್ಕೆ ಇಳಿಯುವಾಗ ನೀರು ಕಿವಿಯನ್ನು ಒತ್ತುತ್ತದೆ. ಮಾಸ್ಕ್‌ನ ಮೇಲಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿ, ಆ ಒತ್ತಡ ಕಳೆಯುತ್ತ ಇಳಿಯಬೇಕು. ಸಡಿಲವಾದ ಮಾಸ್ಕ್ ಮೂಗು ಹಿಡಿದ ಕೂಡಲೇ ಓರೆಯಾಗುತ್ತದೆ, ನೀರು ನುಗ್ಗುತ್ತದೆ, ಕಿವಿಯ ಒತ್ತಡ ಹಾಗೇ ಉಳಿಯುತ್ತದೆ.

ಅಂದು ಬೆಳಿಗ್ಗೆ ಅವಳು ನನ್ನ ಮೇಜಿನ ಮುಂದೆ ನಿಂತಳು. "ಅಮ್ಮ, ಇವತ್ತೊಂದಿನ ಮಾತ್ರ. ತೊಳೆದು ಒರೆಸಿ ಪೆಟ್ಟಿಗೇಲಿ ಹಾಗೇ ಇಡ್ತೀನಿ."

ನನ್ನ ಕೈ ದಾರದವರೆಗೆ ಹೋಯಿತು. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮೇಲೆ ಒಂದು ಸಣ್ಣ ದೂರೂ ಇರಲಿಲ್ಲ.

"ಮುದ್ರೆ ಒಡೆದ್ರೆ ನನ್ನ ತಲೆಗೆ ಬರುತ್ತೆ ಮಗಳೇ. ಇನ್ನು ಮೂರು ತಿಂಗಳು ಅಷ್ಟೇ ನಂದು."

ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. "ಹೋಗ್ಲಿ ಬಿಡಿ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಎಂದು, ಮೇಜಿನ ಅಂಚಿನಲ್ಲಿ ಬೀಳುವಂತಿದ್ದ ನನ್ನ ನೀರಿನ ಲೋಟವನ್ನು ಒಳಗೆ ಸರಿಸಿ ಹೋದಳು.

ಇಟ್ಟಿಗೆ ತಂದಳು. ಅದನ್ನು ಎದೆಗೆ ಒತ್ತಿಕೊಂಡು ಮೇಲೆ ಬಂದವಳ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಮೇಷ್ಟ್ರು ಬಟ್ಟೆ ಸಮೇತ ನೀರಿಗೆ ಹಾರಿ ಅವಳ ತಲೆ ಹಿಡಿದುಕೊಂಡರಂತೆ. ಆ ದಿನದಿಂದ ಅವರ ಬಾಯಲ್ಲಿ ಕಡ್ಡಿ ಎಂಬ ಹೆಸರು ನಾನು ಕೇಳಲಿಲ್ಲ. ಕಿವಿಯ ತಮಟೆ ಹರಿದಿದೆ, ಆ ಕಿವಿ ಇನ್ನು ಕೇಳುವುದು ಅನುಮಾನ, ಮುಳುಗುವ ಕೆಲಸವಂತೂ ಜನ್ಮದಲ್ಲಿ ಇಲ್ಲ ಎಂದರು ಡಾಕ್ಟರು.

ವಿಚಾರಣೆ ನಡೆದಾಗ ಕರೆ ಬಂದರೆ ಇರಲಿ ಎಂದು ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಬಾಗಿಲು ತೆರೆದೇ ಇತ್ತು.

"ಚಿಕ್ಕ ಮಾಸ್ಕ್ ಬೇಕು ಅಂತ ಸ್ಟೋರಲ್ಲಿ ಕೇಳಿದ್ಯಾ?" ಎಂದು ಸಾಹೇಬರು ಅವಳನ್ನು ಕೇಳಿದರು.

"ಇಲ್ಲ ಸಾರ್. ಇದ್ರಲ್ಲೇ ಆಗುತ್ತೆ ಅಂದ್ಕೊಂಡೆ."

'ಅಭ್ಯರ್ಥಿಯ ಅಜಾಗರೂಕತೆ' ಎಂದು ಗುಮಾಸ್ತರು ಬರೆದುಕೊಂಡರು. ಬೆಂಚಿನಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ನಾನು ಏಳಲಿಲ್ಲ. ಕೆಲಸದಲ್ಲಿ ಗಾಯಗೊಂಡವರಿಗೆ ದಳದಲ್ಲೇ ಫೋನಿನ ಮುಂದೆ ಒಂದು ಕುರ್ಚಿ ಕೊಡುವ ಪದ್ಧತಿ ಇತ್ತು. ತಪ್ಪು ಅವಳದೇ ಎಂದಾದ್ದರಿಂದ ಅದೂ ಸಿಗಲಿಲ್ಲ.

ನನ್ನ ಕೊನೆಯ ವಾರದಲ್ಲಿ ತಪಾಸಣೆ ಬಂದೇ ಬಂತು. ಮುದ್ರೆ ಒಡೆದು ನಾನೇ ಪೆಟ್ಟಿಗೆ ಬಿಚ್ಚಿದೆ. ಚಿಕ್ಕ ಮಾಸ್ಕ್‌ನ ಅಂಚು ಹಳದಿಯಾಗಿ ಗಟ್ಟಿಯಾಗಿತ್ತು. ಪಟ್ಟಿ ಎಳೆದು ನೋಡಿದ ಅಧಿಕಾರಿಯ ಕೈಯಲ್ಲಿ ಅದು ಎರಡು ತುಂಡಾಯಿತು. "ಬೇರೆ ತರಿಸ್ಕೊಳ್ಳಿ" ಎಂದು ಅವರು ಕೈ ಒರೆಸಿಕೊಂಡರು. ನನಗೆ ಹೂವಿನ ಹಾರ ಹಾಕಿ, ಒಂದೂ ಕಪ್ಪುಚುಕ್ಕೆ ಇಲ್ಲದ ಸೇವೆ ಎಂದು ಹೊಗಳಿ ಕಳಿಸಿದರು.

ಎರಡು ವರ್ಷವಾದ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಊರಿನ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂತಿದ್ದಳು. ನನ್ನನ್ನು ಒಳಗೆ ಕರೆದು ತನ್ನ ಕುರ್ಚಿ ಕೊಟ್ಟಳು. ತಾನು ಸ್ಟೂಲಿನ ಮೇಲೆ, ಬಲಗಿವಿ ನನ್ನ ಕಡೆಗೆ ಬರುವಂತೆ ಕೂತಳು.

"ಅವತ್ತು ವಿಚಾರಣೇಲಿ ಯಾಕೆ ಹಾಗೆ ಹೇಳ್ದೆ?" ಎಂದು ಕೇಳಿದೆ.

"ನಿಮಗೆ ಮೂರು ತಿಂಗಳು ಮಾತ್ರ ಉಳಿದಿತ್ತಲ್ಲಮ್ಮ. ನನ್ನ ಮುಂದೆ ಬೇಕಾದಷ್ಟಿದೆ ಅನ್ನಿಸ್ತು." ಟಿಕೆಟ್ ಪುಸ್ತಕದ ಮೂಲೆ ಮಡಚಿ ಬಿಚ್ಚಿದಳು. "ಈಗ ಕೇಳಿದ್ರೆ ಹಾಗೆ ಹೇಳ್ತಿರ್ಲಿಲ್ಲ."

ಮೇಜಿನ ಮೇಲಿದ್ದ ಚಿಲ್ಲರೆಯನ್ನು ನಾನು ಸಾಲಾಗಿ ಜೋಡಿಸಿದೆ.

"ಈ ಕಿವೀಲಿ ಕೇಳಿ ಆ ಕಿವೀಲಿ ಬಿಡು ಅಂತಿದ್ರಿ" ಎಂದು ನಕ್ಕಳು. "ಬಿಡೋ ಕಿವೀನೇ ಹೋಯ್ತು. ಕೇಳಿದ್ದೆಲ್ಲ ಒಳಗೇ ಕೂತಿರುತ್ತೆ."

ಹೊರಗೆ ಯಾರೋ ಕಿಟಕಿ ತಟ್ಟಿದರು. ಅವಳು ಆ ಕಡೆ ತಿರುಗಿ ಟಿಕೆಟ್ ಹರಿಯತೊಡಗಿದಳು. ಅವಳ ಎಡಗಿವಿ ನನ್ನ ಕಡೆಗೆ ಬಂತು. ಎರಡು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತನ್ನು ನಾನು ಆಗ ಹೇಳಿದೆ. "ಕ್ಷಮಿಸು ಮಗಳೇ."

ಅವಳು ಚಿಲ್ಲರೆ ಎಣಿಸಿ ಕೊಟ್ಟು ಈ ಕಡೆ ತಿರುಗಿದಳು. "ಏನೋ ಅಂದ್ರಲ್ಲಮ್ಮ?"

"ಏನಿಲ್ಲ" ಎಂದೆ. "ಬಿಸಿಲು ಏರ್ತಿದೆ, ಹೊರಡ್ತೀನಿ ಅಂದೆ."