ಖಂಡೇಪೂಜೆಗೂ ಇಲ್ಲದ ರಜೆ

ನಾನು ಒಂದು ಆಕ್ಸಿಜನ್ ಮಷಿನ್. ಮೊಣಕಾಲೆತ್ತರದ ಮೈ, ಕೆಳಗೆ ನಾಲ್ಕು ಗಾಲಿ, ಹೊಟ್ಟೆಯಲ್ಲಿ ಸದಾ ಗುರ್‌ಗುರ್ ಸದ್ದು. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಕಲಿಸಿದ್ದು ಒಂದೇ ವಿದ್ಯೆ: ಬೆನ್ನಿನ ಜಾಲರಿಯಿಂದ ಕೋಣೆಯ ಗಾಳಿ ಎಳೆದುಕೋ, ಸೋಸು, ಪ್ರಾಣವಾಯುವನ್ನು ನಳಿಕೆಗೆ ಬಿಡು. ಗುಣಪಡಿಸುವ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಮೊದಲ ಎರಡು ವರ್ಷ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರ ಮಂಚದ ಪಕ್ಕ ದುಡಿದೆ. ಅವರು ತೀರಿಕೊಂಡ ಮೇಲೆ ಅವರ ಮಗಳು ನನ್ನನ್ನು ಒರೆಸಿ, ಬನಹಟ್ಟಿಯ ಒಂದು ನೇಕಾರರ ಮನೆಗೆ ಕೊಟ್ಟಳು. ಅಲ್ಲಿ ನನ್ನ ನಳಿಕೆಯ ತುದಿಗೆ ಸಿಕ್ಕಿದ್ದು ಅಕ್ಷತಾ ಎಂಬ ಹೆಣ್ಣುಕೂಸು, ಅಂಗೈಯಷ್ಟು ಮುಖ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ಶ್ವಾಸಕೋಶ ಬಲಿತಿಲ್ಲ, ಬಲಿಯುವ ಲಕ್ಷಣವೂ ಇಲ್ಲ ಎಂದು ಹೇಳಿಯೇ ಡಾಕ್ಟರು ಮನೆಗೆ ಕಳಿಸಿದ್ದರು.

ತಾಯಿ ದಾಕ್ಷಾಯಣಿ ಕೂಸನ್ನೆತ್ತಿಕೊಂಡು ನಳಿಕೆ ಎಟುಕುವಷ್ಟೇ ದೂರ ನಡೆಯುವಳು, ಎಳೆದಾಗ ಹಿಂದಿರುಗುವಳು, ಗೂಟಕ್ಕೆ ಕಟ್ಟಿದ ಆಕಳ ಹಾಗೆ. ಪಡಸಾಲೆಯಲ್ಲಿ ಅವಳ ಗಂಡ ಮಾಲಿಂಗಪ್ಪನ ಮಗ್ಗಗಳು ಬೆಳಗಿನಿಂದ ಖಟಾಖಟಾ. ಅಲ್ಲಿಯ ಹತ್ತಿಯ ಧೂಳೆಲ್ಲ ಬಂದು ಕೂರುವುದು ನನ್ನ ಜಾಲರಿಗೇ! ದಿನಾ ಅದನ್ನು ತೊಳೆಯುವವಳೂ ಅವಳೇ. ಒಂದು ದಿನ ಕೂಸು ನಕ್ಕಿತು. ಆ ನಗುವಿಗೂ ತುಟಿ ನೀಲಿಗಟ್ಟಿತು. ಅಂದಿನಿಂದ ಅವಳು ಕೂಸನ್ನು ನಗಿಸುವುದನ್ನು ಬಿಟ್ಟಳು.

ದಸರೆಯ ಖಂಡೇಪೂಜೆ ಬಂತು. ಅಂದು ನೇಕಾರರು ಯಾವ ಸಾಮಾನನ್ನೂ ದುಡಿಸುವುದಿಲ್ಲ. ಮಗ್ಗ, ಲಾಳಿ, ಕತ್ತರಿ ಎಲ್ಲಕ್ಕೂ ವಿಭೂತಿ, ಚೆಂಡುಹೂವು, ರಜೆ. ದಾಕ್ಷಾಯಣಿ ಸ್ನಾನಕ್ಕೆ ಹೋದಾಗ ಅವಳ ಅತ್ತೆ ತಂಗೆವ್ವ ನನ್ನ ಮುಂದೆ ಕೂತಳು.

"ನಿನಗ ಇವತ್ತೂ ಬಿಡುವಿಲ್ಲಲ್ಲೋ ನನ್ನಪ್ಪಾ," ಎಂದು ನನ್ನ ಕೆನ್ನೆ ಸವರಿದಳು. "ನನ್ನ ಮೊಮ್ಮಗಳ ಜೀವಾನ ನಿನ್ನ ಹೊಟ್ಟ್ಯಾಗ ಐತಿ."

ಮಗ್ಗದಿಂದ ಇಳಿದ ಹೊಸ ಸೀರೆ ತಂದು, ದೇವಿಗೆ ಉಡಿಸುವ ಹಾಗೆ ನನಗೆ ಸುತ್ತಿದಳು. ಬೆನ್ನಿನ ಜಾಲರಿ ಮುಚ್ಚಿಹೋಯಿತು. ಅಯ್ಯೋ, ಮುದುಕಿಗೆ ಏನು ಗೊತ್ತು! ಮೈ ಕಾದಿತು, ಗಾಳಿ ಸಾಲದಾಯಿತು, ಕೂಗಿಕೊಂಡೆ. ಉಳಿದ ದಿನವಾಗಿದ್ದರೆ ಮಗ್ಗದ ಗದ್ದಲದಲ್ಲಿ ಕೇಳುತ್ತಿತ್ತೋ ಇಲ್ಲವೋ. ಅಂದು ಕೇಳಿತು. ದಾಕ್ಷಾಯಣಿ ಒದ್ದೆ ಮೈಯಲ್ಲೇ ಓಡಿ ಬಂದು ಸೀರೆ ಕಿತ್ತೆಸೆದಳು. ಕರೆಂಟು ಹೋದಾಗ ಬೇಕೆಂದು ಇಟ್ಟಿದ್ದ ಸಣ್ಣ ಸಿಲಿಂಡರನ್ನು ಮಾಲಿಂಗಪ್ಪ ಹಚ್ಚಿದ. ಬೂದಿ ಬಣ್ಣಕ್ಕೆ ತಿರುಗಿದ್ದ ಕೂಸು ನಿಧಾನಕ್ಕೆ ಮರಳಿತು.

"ನನ್ನ ಕೈಯಾರ ಕೊಲ್ಲತಿದ್ನೆಲ್ಲವ್ವಾ!" ತಂಗೆವ್ವ ಹಣೆ ಹಣೆ ಬಡಿದುಕೊಂಡಳು.

ದಾಕ್ಷಾಯಣಿ ಬೈಯಲಿಲ್ಲ. "ಅಳಬ್ಯಾಡ್ರಿ ಅತ್ತಿ. ನೀವು ಪೂಜಿ ಮಾಡೀರಿ. ನಾ ಪಾಪಿ, ಇದು ತಾನ ನಿಂತಬಿಟ್ರ ಕೂಸಿನ ಕಷ್ಟ ತೀರತೈತಿ ಅಂತ ಎಷ್ಟ್ ಸಲ ಅನಕೊಂಡೇನಿ," ಎಂದಳು. ಅತ್ತೆ ಸೊಸೆಯನ್ನು ತಬ್ಬಿಕೊಂಡಳು. ಇಬ್ಬರೂ ಬಹಳ ಹೊತ್ತು ಅತ್ತರು.

ನಾನು ನಿಲ್ಲಲಿಲ್ಲ. ಮಾಘದ ಚಳಿಯಲ್ಲಿ ಕೂಸಿಗೆ ಕಫ ಕಟ್ಟಿತು. ನಾನು ಇದ್ದ ಶಕ್ತಿಯನ್ನೆಲ್ಲ ಊದಿದೆ. ಮೂರನೆಯ ದಿನ ಬೆಳಿಗ್ಗೆ, ತಾಯಿಯ ತೊಡೆಯ ಮೇಲೆ, ನಾನು ಕೊಟ್ಟದ್ದನ್ನು ಅದು ತೆಗೆದುಕೊಳ್ಳಲಿಲ್ಲ. ನನ್ನ ಗುಂಡಿ ಒತ್ತಲು ಯಾರಿಗೂ ಕೈ ಬರಲಿಲ್ಲ. ಗಂಡಸರು ಮಣ್ಣು ಮಾಡಿ ಬರುವವರೆಗೂ ನಾನು ಬರಿಯ ನೆಲಕ್ಕೆ ಪ್ರಾಣವಾಯು ಊದುತ್ತ ಕೂತಿದ್ದೆ. ಛೆ, ಎಂಥ ಬಾಳು ನನ್ನದು!

ಆಮೇಲೆ ನನ್ನನ್ನು ಮೂಲೆಗೆ ಸರಿಸಿದರು. ಒಳಗಿನ ಮೋಟಾರು ಸವೆದಿದೆ, ಇನ್ನು ಯಾರ ಮನೆಗೂ ಆಗುವುದಿಲ್ಲ ಎಂದು ರಿಪೇರಿಯವನು ಹೇಳಿ ಹೋದ. ಜಾಲರಿಯ ತುಂಬ ಹತ್ತಿಯ ಧೂಳು ಕಟ್ಟಿತು. ತೊಳೆಯುವವರಿಲ್ಲ.

ಮತ್ತೆ ಖಂಡೇಪೂಜೆ ಬಂತು, ಮಗ್ಗಗಳು ನಿಂತವು. ತಂಗೆವ್ವ ವಿಭೂತಿ ಬಟ್ಟಲು ಹಿಡಿದು ಬಂದಳು, ನನಗೆ ಹಚ್ಚಿದಳು. ತೋಳಿನ ಮೇಲೆ ಅದೇ ಸೀರೆಯಿತ್ತು. ಸೊಸೆಯ ಮುಖ ನೋಡಿ ಅಂಜಿ ನಿಂತಳು.

ದಾಕ್ಷಾಯಣಿ ಬಂದು ಸೀರೆಯ ಒಂದು ತುದಿ ಹಿಡಿದಳು.

"ಇವತ್ತ ಪೂರಾ ಹೊದಸ್ರಿ, ಅತ್ತಿ," ಎಂದಳು.